ದರ್ಜಿಯ ಮಗಳು ಹಾಕಿದ ವಿಡಿಯೊ

"ಗುರುಗಳೇ, ಎದುರಿಗೆ ಬಾಯಿ ಬಿಡಲು ಅಂಜುವ ಮಕ್ಕಳು ಮೊಬೈಲಿನಲ್ಲಿ ಅಷ್ಟು ಕಠೋರರಾಗುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಅವನ ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಅವಳದು ಮೆಳ್ಳಗಣ್ಣು. ತರಗತಿಯವರು ಅದನ್ನು ಅಣಕಿಸಿ ನಗುತ್ತಿದ್ದರು. ಅವಳು ತಿರುಗಿ ಒಂದು ಮಾತೂ ಆಡುತ್ತಿರಲಿಲ್ಲ.

ಆ ವರ್ಷ ಹೊಸ ಹುಡುಗಿಯೊಬ್ಬಳು ಬಂದು ಸೇರಿದಳು. ಅವಳಿಗೆ ಮಾತು ತೊದಲುತ್ತಿತ್ತು. ಅವಳು ಪದ್ಯ ಓದಲು ಎದ್ದು ನಿಂತ ದಿನ ಎಲ್ಲರೂ ನಕ್ಕರು. ದರ್ಜಿಯ ಮಗಳ ಕಡೆಗೆ ಆ ದಿನ ಯಾರೂ ನೋಡಲಿಲ್ಲ. ಅವಳಿಗೆ ಹಾಯೆನಿಸಿತು.

ಮನೆಗೆ ಬಂದವಳೇ ಸುಳ್ಳು ಹೆಸರಿನಲ್ಲಿ ಒಂದು ಖಾತೆ ತೆರೆದಳು. ಧ್ವನಿ ಬದಲಿಸಿ, ಮುಖ ಕಾಣದಂತೆ, ಹೊಸ ಹುಡುಗಿಯ ತೊದಲನ್ನು ಅಣಕಿಸಿ ವಿಡಿಯೊ ಹಾಕಿ, ಶಾಲೆಯವರಿಗೆಲ್ಲ ಕಳಿಸಿದಳು. ರಾತ್ರಿಯೊಳಗೆ ಮೂವತ್ತೆಂಟು ಮಂದಿ ಲೈಕ್ ಒತ್ತಿದರು. ಅವಳು ಮಾಡಿದ್ದನ್ನು ಅಷ್ಟು ಜನ ಮೆಚ್ಚಿದ್ದು ಅದೇ ಮೊದಲು. ಮರುದಿನ ಇನ್ನೊಂದು ಹಾಕಿದಳು. ಅದು ಮೊದಲಿನದಕ್ಕಿಂತ ಹರಿತವಾಗಿತ್ತು.

ವಾರ ಕಳೆಯುವಷ್ಟರಲ್ಲಿ ಹೊಸ ಹುಡುಗಿ ಶಾಲೆಗೆ ಬರುವುದನ್ನೇ ಬಿಟ್ಟಳು. ಮನೆ ಹತ್ತಿರವೆಂದು ಮೇಷ್ಟ್ರು ನೋಟ್ಸ್ ಕೊಟ್ಟುಬರಲು ದರ್ಜಿಯ ಮಗಳನ್ನೇ ಕಳಿಸಿದರು.

ಬಾಗಿಲು ತೆರೆದ ತಾಯಿ, "ಮನೆಯಲ್ಲೂ ಮಾತು ಬಿಟ್ಟಿದ್ದಾಳಮ್ಮ, ನೀನಾದರೂ ಮಾತಾಡಿಸು" ಎಂದಳು.

ಒಳಗೆ ಹುಡುಗಿ ಒಂದು ಚೀಟಿಯಲ್ಲಿ ಬರೆದು ತೋರಿಸಿದಳು: "ನೀನು ಬಂದದ್ದು ಒಳ್ಳೆಯದಾಯಿತು. ನಿನ್ನನ್ನೂ ಹೀಗೇ ಅಣಕಿಸುತ್ತಿದ್ದರಲ್ಲ. ನಿನಗೆ ಅರ್ಥವಾಗುತ್ತದೆ."

ದರ್ಜಿಯ ಮಗಳು ಚೀಟಿಯನ್ನು ಎರಡು ಸಲ ಓದಿದಳು.

"ಆ ವಿಡಿಯೊಗಳನ್ನು ಹಾಕಿದವಳು ನಾನೇ" ಎಂದಳು. "ನಿನ್ನನ್ನು ನೋಡಿ ನಗುವಷ್ಟು ದಿನ ಅವರು ನನ್ನನ್ನು ಬಿಟ್ಟಿದ್ದರು."

ಹುಡುಗಿ ಅವಳ ಕೈಯಿಂದ ಚೀಟಿಯನ್ನು ಕಿತ್ತುಕೊಂಡಳು. ಆಮೇಲೆ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟಳು. "ಹೋ... ಹೋಗು" ಎಂದಳು.

ಮರುದಿನ ದರ್ಜಿಯ ಮಗಳು ತರಗತಿಯಲ್ಲಿ ಎದ್ದು ನಿಂತು, ಆ ವಿಡಿಯೊಗಳು ತನ್ನ ಕೆಲಸವೆಂದು ಎಲ್ಲರೆದುರು ಹೇಳಿದಳು. ಮತ್ತೆ ಎಲ್ಲರ ನಗೆ ಅವಳ ಕಡೆಗೇ ತಿರುಗಿತು. ಹೊಸ ಹುಡುಗಿ ಕೆಲವು ದಿನಗಳ ಮೇಲೆ ಶಾಲೆಗೆ ಬಂದಳು. ದರ್ಜಿಯ ಮಗಳ ಪಕ್ಕದಲ್ಲಿ ಮಾತ್ರ ಕೂರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕುತೂಹಲ ಇನ್ನೂ ತಣಿದಿರಲಿಲ್ಲ.

"ಅಷ್ಟು ಮಂದಿ ನಗುವಂಥದ್ದು ಆ ವಿಡಿಯೊದಲ್ಲಿ ಏನಿತ್ತು, ಗುರುಗಳೇ?"

"ಏನಿದೆಯೋ ನೋಡೋಣ ಎಂದೇ ಆ ಮೂವತ್ತೆಂಟು ಮಂದಿಯೂ ಅದನ್ನು ತೆರೆದದ್ದು" ಎಂದರು ಗುರುಗಳು.