ಕಂಚಿನಜ್ಜಿಗೆ ಕೊಂಬಿಟ್ಟ ಮಾಯಪ್ಪ

ಕಾಳವ್ವನಿಗೆ ಇದ್ದವನು ಒಬ್ಬನೇ ಮಗ, ಮಾಯಪ್ಪ. ಒಬ್ಬನೇ ಆದದ್ದು ಊರಿನ ಪುಣ್ಯ. ನೀರು ತಾ ಅಂದರೆ ಬೊಗಸೆಯಲ್ಲಿ ತರುತ್ತಿದ್ದ. ಕೊಡ ಅಂತ ಯಾರೂ ಹೇಳಿರಲಿಲ್ಲವಲ್ಲ! ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ನಾಯಿ ಪಕ್ಕದಲ್ಲೇ ಒಳಗೆ ಹೋಗಿ ಮುದ್ದೆ ತಿಂದು ಬರುತ್ತಿತ್ತು.

"ನಿನಗೆ ಹೆಣ್ಣು ಕೊಡೋರು ಯಾರೋ, ನನ್ನಪ್ಪಾ!" ಅಂತ ಕಾಳವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕೊಟ್ಟರೆ ಅವಳ ಅಣ್ಣ ಸಿಂಗಾಚಾರಿಯೇ ಕೊಡಬೇಕು. ಕಂಚಿನ ಎರಕದಲ್ಲಿ ಹೆಸರಾದವನು; ಅವನಿಗೆ ಗೌರಾಜಿ ಅಂತ ಒಬ್ಬ ಮಗಳು. ಅವನು ಒಂದೇ ಮಾತು ಹೇಳಿದ: "ನಿಂಗಾಜಮ್ಮನ ಬೊಂಬೆ ಕೆಲಸ ಬಂದಿದೆ. ನಿನ್ನ ಮಗ ಕಲಿತು ತೋರಿಸಲಿ, ಹುಡುಗಿ ಅವನಿಗೆ. ಇಲ್ಲವೋ, ಇಲ್ಲ!"

ನಿಂಗಾಜಮ್ಮ ಅಂದರೆ ಹೋಗಿ ಬರುವವರಿಗೆಲ್ಲ ಅನ್ನ ಇಕ್ಕಿದ ಮುದುಕಿ. ಅವಳು ತೀರಿಕೊಂಡ ಮೇಲೆ ಮೂವರು ಹೆಣ್ಣುಮಕ್ಕಳು, ಅಮ್ಮ ನನಗೆ ಸೇರಬೇಕು, ನನಗೆ ಸೇರಬೇಕು ಅಂತ ಜಗಳಕ್ಕೆ ಬಿದ್ದಿದ್ದರು. ಕೊನೆಗೆ ಒಪ್ಪಂದವಾಯಿತು: ಕಂಚಿನಲ್ಲಿ ಮೂರು ಅಮ್ಮ, ಮೂವರಿಗೆ ಒಂದೊಂದು. ನಾಲ್ಕನೆಯದು ಹುಟ್ಟಲೇಬಾರದು, ಹುಟ್ಟಿದರೆ ಸೊಸೆಯ ಪಾಲಾಗುತ್ತದೆ! ಪೀಠದ ಮೇಲೆ ಮುದುಕಿ ದಿನಾ ಆಡುತ್ತಿದ್ದ ಮಾತು ಇರಬೇಕು: 'ಉಂಡು ಹೋಗಪ್ಪ'.

"ಮಾವ ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡು," ಅಂತ ಕಾಳವ್ವ ಮಗನನ್ನು ಕಳಿಸಿದಳು.

"ಒಂದಕ್ಷರ ಬಿಡಲ್ಲ ಕಣವ್ವ!"

ಸಿಂಗಾಚಾರಿ ಅಚ್ಚಿಗೆ ಮೇಣ ತುಂಬಿ ಮೇಣದ ಅಜ್ಜಿಯನ್ನು ಹೊರತೆಗೆದ. ಮೇಣದಲ್ಲಿ ಏನಿರುತ್ತದೋ ಕಂಚಿನಲ್ಲಿ ಅದೇ ಬರುವುದು. ಮೇಣದ ಎಳೆಗಳನ್ನು ಮಾಯಪ್ಪನ ಕೈಗಿಟ್ಟು, "ಇವನ್ನ ಬಗ್ಗಿಸಿ ಪೀಠಕ್ಕೆ ಅಂಟಿಸು. ಬರಿ, ಉಂಡು ಹೋಗಪ್ಪ," ಅಂತ ಎದ್ದ. "ಅಯ್ಯೋ, ಸೊಂಟ!"

ತಿರುಗಿ ಬಂದು ನೋಡಿದರೆ ಪೀಠದ ಮೇಲೆ 'ಉಂಡ ಹೋಗಪ ಅಯೋ ಸೊಂಟ' ಅಂತಿತ್ತು.

"ನನ್ನ ಸೊಂಟ ಯಾಕೋ ಬಂತು ಇಲ್ಲಿ!"

"ನೀವೇ ಹೇಳಿದ್ರಲ್ಲ ಮಾವ. ಒಂದಕ್ಷರ ಬಿಟ್ಟಿಲ್ಲ."

"ಬಿಟ್ಟಿಲ್ವಾ? 'ಉಂಡ' ಅಂತಿದೆ ನೋಡು! ಕೊಂಬೆಲ್ಲಿ? ಕೊಂಬಿಲ್ಲದೆ ಎಲ್ಲಾ ಕೆಟ್ಟಿತಲ್ಲೋ! ಮೊದಲು ಕೊಂಬು ಹಾಕು!"

ಮಾಯಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿಗೆ ಕೊಂಬೇ? ಬದುಕಿದ್ದಾಗ ಕಂಡಿರಲಿಲ್ಲ. ಸೆರಗಿನ ಒಳಗೆ ಇತ್ತೇನೋ. ದೊಡ್ಡವರಿಗೆ ಗೊತ್ತಿರುತ್ತದೆ. ಒಂದು ಹಾಕಿದ. ಒಂಟಿ ಕೊಂಬು ಲಕ್ಷಣವಲ್ಲ ಅನ್ನಿಸಿ ಇನ್ನೊಂದು ಹಾಕಿದ.

"ಹಾಕಿದೆಯೇನೋ ಕೊಂಬು?"

"ಜೋಡಿ ಹಾಕಿದೀನಿ ಮಾವ! ನಮ್ಮ ಎಮ್ಮೇದಕ್ಕಿಂತ ಚೆಂದ ಬಂದಿದೆ!"

ಅದೇ ಹೊತ್ತಿಗೆ ಬೊಂಬೆ ನೋಡಲು ಬರಬೇಕೇ, ಮುದುಕಿಯ ಹಿರಿಮಗಳು ಹೊನ್ನಾಜಮ್ಮ! "ಅಯ್ಯಯ್ಯೋ, ನಮ್ಮಮ್ಮನ್ನ ಎಮ್ಮೆ ಮಾಡಿದಾನಲ್ಲಪ್ಪೋ!" ಅಂತ ಬೀದಿಗೆ ಕೇಳುವಂತೆ ಅತ್ತಳು.

"ಕೊಂಬು ಅಕ್ಷರಕ್ಕೆ ಕಣೋ ಕೋಣ, ಅಜ್ಜಿಗಲ್ಲ!" ಸಿಂಗಾಚಾರಿ ಕಿರುಚಿದ.

"ಅಕ್ಷರಕ್ಕೆ ಕೊಂಬಿರುತ್ತಾ ಮಾವ? ಹಾಯುತ್ತಾ?"

ಸಿಂಗಾಚಾರಿ ಅಜ್ಜಿಯ ತಲೆಯಿಂದ ಕೊಂಬು ಕಿತ್ತು, ಡಕಾರಕ್ಕೆ ತಾನೇ ಕೊಂಬು ಹಾಕಿ, ಡು ಮಾಡಿದ. "ಇನ್ನು ಇಲ್ಲಿ 'ಪ' ಇದೆಯಲ್ಲ, ಅದಕ್ಕೆ ಒತ್ತು ಬೇಕು. ಅದೊಂದಾದರೂ ನೆನಪಿಟ್ಟುಕೋ. ಒತ್ತು ಬಿಡಬೇಡ!" ಅಂತ ಹೇಳಿ ಊಟಕ್ಕೆ ಹೋದ.

ಮಾಯಪ್ಪ 'ಪ' ಮೇಲೆ ಹೆಬ್ಬೆರಳಿಟ್ಟು ಒತ್ತಿದ. ಒತ್ತಿದವನು ಬಿಡಲಿಲ್ಲ. ಹೊತ್ತು ಇಳಿದು ಕಾಳವ್ವ ಹುಡುಕಿಕೊಂಡು ಬಂದಾಗಲೂ ಒತ್ತುತ್ತಲೇ ಇದ್ದ.

"ಏಳೋ, ಉಣ್ಣು ಬಾ!"

"ಒತ್ತು ಬಿಡಬಾರದು ಕಣವ್ವ."

"ಮೂಗಿನ ಮೇಲೆ ನೊಣ ಕೂತಿದೆಯಲ್ಲೋ!"

"ಕೂರಲಿ. ಬಿಡಲ್ಲ."

ಅವಳು ರಟ್ಟೆ ಹಿಡಿದು ಎಳೆದಳು. 'ಪ' ಹೆಬ್ಬೆರಳಿಗೆ ಅಂಟಿಕೊಂಡು ಎದ್ದು ಬಂತು.

ಆಮೇಲೆ ಸಿಂಗಾಚಾರಿ ಅವನ ಕೈಗೆ ಮೇಣ ಕೊಡಲಿಲ್ಲ. ಮೂರೂ ಅಜ್ಜಿಯರಿಗೆ ತಾನೇ ಅಕ್ಷರ ಅಂಟಿಸಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಕಂಚು ಹೊಯ್ದ. ಹೆಣ್ಣುಮಕ್ಕಳು ಬಂದು, ಮುಟ್ಟಿ ಮುಟ್ಟಿ ಅತ್ತು, ಅವರವರ ಅಮ್ಮನನ್ನು ಅವರವರು ಸೊಂಟಕ್ಕೆತ್ತಿಕೊಂಡು ಹೋದರು. ಉಳಿದದ್ದು ಅಚ್ಚು.

"ಮಾಯಪ್ಪ, ನಾಲ್ಕನೆಯದು ಆಗಕೂಡದು ಅಂತ ಮಾತು ಕೊಟ್ಟಿದೀನಿ. ಸುತ್ತಿಗೆ ತಗೋ. ಅಚ್ಚು ಅನ್ನೋದು ಎಲ್ಲಿ ಕಂಡರೂ ಬಿಡಬೇಡ, ಒಡೆದು ಹಾಕು!"

ಮಾಯಪ್ಪ ಒಡೆದ. ಪುಡಿ ಪುಡಿ ಮಾಡಿದ. ಹುಟ್ಟಿದಾರಭ್ಯ ಒಂದು ಕೆಲಸ ಸರಿಯಾಗಿ ಮಾಡಿದ! ಸಿಂಗಾಚಾರಿಯ ಮನಸ್ಸೂ ಕರಗಿತು. "ಹೋಗಲಿ ಬಿಡು ಕಾಳಿ, ದಾರಿಗೆ ಬರ್ತಾನೆ. ನಾಳೆಯೇ ತಾಂಬೂಲ ಬದಲಾಯಿಸೋಣ."

ಮಾರನೆಯ ದಿನ ಅಂಗಳದ ತುಂಬ ಜನ. ಗೌರಾಜಿ ಹೊಸ ಸೀರೆ ಉಟ್ಟು ತಾಯಿಯ ಪಕ್ಕ ಬಂದು ನಿಂತಳು. ಎದುರುಮನೆಯ ತಿಮ್ಮಕ್ಕ ನೆಟಿಗೆ ಮುರಿದು, "ಅಬ್ಬಬ್ಬಾ, ಹುಡುಗಿ ಥೇಟು ಅಮ್ಮನ ಅಚ್ಚು!" ಅಂದಳು.

ಮಾಯಪ್ಪ ತಬ್ಬಿಬ್ಬಾದ. ಅಚ್ಚೇ? ನಿನ್ನೆ ಒಡೆದೆನಲ್ಲ! ಇನ್ನೊಂದು ಉಳಿದಿತ್ತೇ? ಮಾವನಿಗೆ ಗೊತ್ತಾದರೆ ಮದುವೆ ನಿಂತಿತು! ಒಳಗೆ ಓಡಿ ಸುತ್ತಿಗೆ ತಂದ.

"ಅವ್ವಾ!" ಅಂತ ಕೂಗಿ ಗೌರಾಜಿ ಓಡಿದಳು.

"ನಿಂತ್ಕೊಳೇ! ನಿಮ್ಮಪ್ಪನೇ ಹೇಳಿರೋದು!"

ಗೌರಾಜಿ ಕೋಣೆ ಹೊಕ್ಕು ಅಗುಳಿ ಹಾಕಿಕೊಂಡಳು. ಸಿಂಗಾಚಾರಿ ತಾಂಬೂಲದ ತಟ್ಟೆ ಕಂಕುಳಿಗಿಟ್ಟುಕೊಂಡ. "ಮದುವೆಯೂ ಇಲ್ಲ, ಮಣ್ಣೂ ಇಲ್ಲ!"

ಕಾಳವ್ವ ಎದೆ ಎದೆ ಬಡಿದುಕೊಂಡಳು. "ಕೈಗೆ ಬಂದ ಹೆಣ್ಣು ಹೋಯ್ತಲ್ಲೋ! ನಿಮ್ಮಪ್ಪನೂ ಹೀಗೇ ನನ್ನ ಹೊಟ್ಟೆ ಉರಿಸಿದ. ನೀನೂ ಅವನ ಅಚ್ಚೇ ಕಣೋ! ಅವನದೇ ಅಚ್ಚು!"

ಮಾಯಪ್ಪ ನಿಂತ. ಅವ್ವನನ್ನು ನೋಡಿದ. ಸುತ್ತಿಗೆಯನ್ನು ನೋಡಿದ.

"ನಾನೂನಾ?" ಅಂದ.

ಒಡೆ ಅಂತ ಮಾವ ಹೇಳಿದ ಮೇಲೆ ಮುಗಿಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ತನ್ನ ನೆತ್ತಿಗೆ ತಾನೇ ಒಂದು ಬಾರಿಸಿಕೊಂಡ.

ಟಣ್!

ಮಾಯಪ್ಪ ಮೆಲ್ಲಗೆ ಒಂದು ಕಣ್ಣು ತೆರೆದ, ನೆತ್ತಿ ಸವರಿ ನೋಡಿಕೊಂಡ, ಸುತ್ತಿಗೆಯ ಹಿಡಿಯನ್ನು ಮಾವನ ಕಡೆ ಚಾಚಿದ.

"ಇದು ಒಡೀತಿಲ್ಲ ಮಾವ. ನೀವೊಂದು ಏಟು ಹಾಕ್ತೀರಾ?"