ಪಥ್ಯವಿಲ್ಲದ ಔಷಧಿ

“ಬುದ್ಧೀ, ಹೌದು ಅಂದುಬಿಟ್ಟರೆ ಯಾರಿಗೇನು ನಷ್ಟ?” ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಬೆಳಗಿನಿಂದ ಜನ ಬಂದಿದ್ದರು. ಜ್ವರದವರು, ಮಕ್ಕಳಿಲ್ಲದವರು, ಎಮ್ಮೆ ಹಾಲು ಕೊಡುತ್ತಿಲ್ಲವೆಂದು ಬಂದವರು. ಎಲ್ಲರಿಗೂ ಒಂದೊಂದು ಚಿಟಿಕೆ ಭಸ್ಮ ಕೊಟ್ಟು, “ವೈದ್ಯರ ಹತ್ತಿರವೂ ಹೋಗಿ ಬನ್ನಿ” ಎಂದು ಹೇಳಿ ಹೇಳಿ ಅವರ ಗಂಟಲು ಒಣಗಿತ್ತು.

“ಯಾವುದಕ್ಕಪ್ಪ ಹೌದು ಅನ್ನಬೇಕು?”

“ಮೊನ್ನೆ ಗೌಡರ ಸೊಸೆ ಬಂದು, ನಿಮ್ಮ ಭಸ್ಮದಿಂದಲೇ ನನಗೆ ಜ್ವರ ಬಿಟ್ಟಿತು ಅಂದಳು. ನೀವು ಬೇರೆ ಕಡೆ ನೋಡಿದಿರಿ. ಪಾಪ, ಅವಳ ಮುಖ ಸಣ್ಣದಾಯಿತು. ಅವಳು ಹೊರಗೆ ಹೋಗುವಾಗ ನಾನೇ, ಹೌದು ತಾಯಿ, ಭಸ್ಮದಿಂದಲೇ ಅಂದೆ. ಎಷ್ಟು ಸಂತೋಷಪಟ್ಟಳು! ಜ್ವರ ಬಿಟ್ಟದ್ದಂತೂ ನಿಜ. ಒಂದು ಮಾತಿನಿಂದ ಜನಕ್ಕೆ ಧೈರ್ಯ ಬರುವುದಾದರೆ ಆಡಬಾರದೇಕೆ?”

“ಎಷ್ಟು ಜನಕ್ಕೆ ಹಾಗೆ ಹೇಳಿದ್ದೀಯೆ?”

“ಬಹಳ ಜನಕ್ಕೆ ಹೇಳಿದ್ದೇನೆ.”

“ಹೋದ ವಾರ ನಿನಗೆ ಹೊಟ್ಟೆನೋವು ಬಂದಿತ್ತಲ್ಲ, ಆಗ ಏನು ಮಾಡಿದೆ?”

“ಭಸ್ಮ ತಿಂದೆ” ಎಂದ ಶಿಷ್ಯ.

“ಸರಿಹೋಯಿತು!” ಎಂದರು ಗುರುಗಳು. “ಕೂತುಕೋ. ಮಾತಾಡಿ ಮಾತಾಡಿ ನನಗೆ ಸಾಕಾಗಿದೆ. ಆದರೂ ಇದೊಂದನ್ನು ಹೇಳಿ ಮುಗಿಸುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಎದ್ದು ಹೋಗುತ್ತೇನೆ.”

ಶಿಷ್ಯ ಕುಳಿತ. ಗುರುಗಳು ಹೇಳತೊಡಗಿದರು.

ಬಳ್ಳಾರಿ ಸೀಮೆಗೆ ರೈಲು ಬಂದ ಹೊಸದು. ಅಲ್ಲಿಯ ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಕೊಟ್ರಬಸಪ್ಪ ಅಂತ ಹೆಸರು. ಒಣಶುಂಠಿ, ಓಮ, ಅಳಲೆಕಾಯಿ ಮಾರುವ ಅಂಗಡಿ. ವ್ಯಾಪಾರ ಅಷ್ಟಕ್ಕಷ್ಟೇ. ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆಯನ್ನು ನಿನಗೆ ಹೇಳುವ ಕಷ್ಟ ನನಗೆ ಇರುತ್ತಿರಲಿಲ್ಲ.

ಒಂದು ದಿನ ದಂಡಿನವರ ಬಿಡಾರದ ಕಡೆಯಿಂದ ಖಾಲಿ ಶೀಶೆಗಳ ಪೆಟ್ಟಿಗೆಯೊಂದು ಅವನ ಅಂಗಡಿಗೆ ಬಂತು. ಬಿಳಿಯರ ದೇಶದ ಔಷಧಿಯ ಶೀಶೆಗಳು. ಮೇಲೆ ಅಂಟಿಸಿದ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಏನೇನೋ ಅಚ್ಚಾಗಿತ್ತು. ಕೊಟ್ರಬಸಪ್ಪ ಅದನ್ನು ಕಚೇರಿಯ ಗುಮಾಸ್ತನೊಬ್ಬನಿಂದ ಓದಿಸಿದ. ಜ್ವರ, ಕೆಮ್ಮು, ಕೀಲುನೋವು, ಬೋಳುತಲೆ, ಮನಸ್ಸಿನ ಬೇಸರ, ಹೀಗೆ ಮೂವತ್ತೆಂಟು ರೋಗಗಳು ಈ ಒಂದೇ ಔಷಧಿಯಿಂದ ಗುಣವಾಗುತ್ತವೆ ಅಂತ ಅದರಲ್ಲಿತ್ತು. ಇದನ್ನು ಕುಡಿಯುವವರು ಊಟದಲ್ಲಿ ಏನನ್ನೂ ಬದಲಾಯಿಸಬೇಕಿಲ್ಲ ಅಂತಲೂ ಇತ್ತು.

“ಅಯ್ಯೋ, ಅಲ್ಲಿಯ ಜನ ಇದನ್ನೂ ನಂಬ್ತಾರೇನು?” ಅಂತ ಕೊಟ್ರಬಸಪ್ಪ ನಕ್ಕ.

“ನಂಬದಿದ್ದರೆ ಶೀಶೆ ಹೆಂಗೆ ಖಾಲಿ ಆತು?” ಅಂದ ಗುಮಾಸ್ತ.

ಆ ಮಾತು ವ್ಯಾಪಾರಿಯ ತಲೆಯಲ್ಲಿ ಕೂತುಬಿಟ್ಟಿತು. ಹೆಂಡತಿ ಹಾಲಮ್ಮನಿಗೆ ಹೇಳಿದ. ಅವಳು ದೊಡ್ಡ ಹಂಡೆಯಲ್ಲಿ ನೀರಿಟ್ಟು, ಓಮ, ಒಣಶುಂಠಿ, ಬೆಲ್ಲ ಹಾಕಿ ಕುದಿಸಿದಳು. ಬಣ್ಣ ಬರಲೆಂದು ಕುಸುಬೆ ಹೂವು ಹಾಕಿದಳು. ಸೋಸಿ ಶೀಶೆಗೆ ತುಂಬಿದಳು. ಅವನು ಅಚ್ಚುಕೂಟಕ್ಕೆ ಹೋಗಿ ಚೀಟಿ ಮಾಡಿಸಿಕೊಂಡು ಬಂದ. ‘ಸರ್ವಜ್ವರಮುಕ್ತಿ ಅರ್ಕ. ಮೂವತ್ತೆಂಟು ರೋಗಗಳಿಗೆ ಒಂದೇ ಮದ್ದು. ಪಥ್ಯವಿಲ್ಲ.’ ಬಿಳಿಯರ ಚೀಟಿಯಲ್ಲಿದ್ದದ್ದನ್ನೇ ಇಳಿಸಿದ್ದ. ಪಥ್ಯವಿಲ್ಲ ಅನ್ನುವುದನ್ನು ಮಾತ್ರ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಹಾಕಿಸಿದ್ದ, ಏಕೆಂದರೆ ಆ ಸೀಮೆಯ ಯಾವ ವೈದ್ಯನೂ ಅಂಥ ಮಾತು ಆಡಿದವನಲ್ಲ.

ಹಾಲಮ್ಮ, ಇದನ್ನು ಕುಡಿದು ಯಾರಿಗಾದರೂ ಹೆಚ್ಚುಕಡಿಮೆಯಾದರೆ ಏನು ಗತಿ ಅಂತ ಕೇಳಿದಳು. ಬೆಲ್ಲದ ನೀರಿನಿಂದ ಯಾರಿಗೆ ಏನಾದೀತು ಅಂದ ಅವನು. ನೋಡು, ಆಗ ಅವನಿಗೆ ನಿಜ ಗೊತ್ತಿತ್ತು.

ಶೀಶೆಗಳು ಮಾರಿಹೋದವು. ಸಂತೆಗೆ ಬಂದವರು ಒಯ್ದರು, ರೈಲಿನಲ್ಲಿ ಬಂದವರು ಒಯ್ದರು. ಒಯ್ದ ಶೀಶೆಯನ್ನು ಮನೆಯ ಗಂಡಸರು ಮುಂದೆ ಹಿಡಿದು, ಪಥ್ಯವಿಲ್ಲ ಅಂತ ಗಟ್ಟಿಯಾಗಿ ಓದಿದರು. ಅಜ್ಜಿಯರು, ಅತ್ತೆಯರು ಕೇಳಿಸಿಕೊಂಡರು. ಕೇಳಿಸಿಕೊಂಡು ಅಡುಗೆಮನೆಗೆ ಹೋಗಿ ತಮ್ಮ ಕೆಲಸ ತಾವು ಮಾಡಿದರು. ಹುಣಸೆಹುಳಿ ನಿಲ್ಲಿಸಿದರು. ಎಣ್ಣೆ, ಖಾರ, ಬದನೆಕಾಯಿ ನಿಲ್ಲಿಸಿದರು. ಅಕ್ಕಿ ಬೇಯಿಸಿ ಗಂಜಿಯ ತಿಳಿ ಬಸಿದು ಕುಡಿಸಿದರು. ಕಾಯಿಸಿ ಆರಿಸಿದ ನೀರು ಕೊಟ್ಟರು. ರೋಗಿಯನ್ನು ಹಾಸಿಗೆಯಿಂದ ಏಳಲು ಬಿಡಲಿಲ್ಲ, ಎದ್ದರೆ ಬೈದು ಮಲಗಿಸಿದರು. ಜ್ವರ ಬಿಟ್ಟ ಮೇಲೂ ಹತ್ತು ಹನ್ನೆರಡು ದಿನ ಗಟ್ಟಿ ಅನ್ನ ಮುಟ್ಟಗೊಡಲಿಲ್ಲ. ಔಷಧಿ ಯಾರದಾದರೇನು, ಪಥ್ಯ ಮನೆಯವರದು. ಶೀಶೆಯ ಮೇಲೆ ಬರೆದಿದೆ ಅಂತ ಅದನ್ನು ಬಿಡುವ ಹೆಂಗಸು ಆ ಸೀಮೆಯಲ್ಲಿ ಒಬ್ಬಳೂ ಇರಲಿಲ್ಲ.

ಬದುಕುವವರು ಬದುಕಿದರು. ಸತ್ತವರ ಮನೆಯಿಂದ ಕಾಗದ ಬರಲಿಲ್ಲ. ಬದುಕಿದವರ ಮನೆಯಿಂದ ಬಂತು. ‘ನಿಮ್ಮ ಅರ್ಕ ಕುಡಿದು ನನ್ನ ಮಗ ಎದ್ದು ಓಡಾಡುತ್ತಿದ್ದಾನೆ, ನಿಮ್ಮ ಹೊಟ್ಟೆ ತಣ್ಣಗಿರಲಿ’ ಅಂತ ಬರೆದರು. ಕಾಗದ ಬರೆದವರು ಗಂಡಸರು. ಒಲೆಯ ಮುಂದೆ ಏನು ನಡೆದಿತ್ತೆಂದು ಅವರು ಬರೆಯಲಿಲ್ಲ. ಮನೆಯಲ್ಲಿ ಗಂಜಿ ಕಾಯಿಸಿದೆವು ಅಂತ ಯಾರಾದರೂ ಕಾಗದ ಬರೆಯುತ್ತಾರೆಯೆ?

ಮೊದಲ ವರ್ಷ ಕೊಟ್ರಬಸಪ್ಪ ಆ ಕಾಗದಗಳನ್ನು ಓದಿ ನಗುತ್ತಿದ್ದ. ಹೆಂಡತಿಗೂ ಓದಿ ಹೇಳಿ ನಗಿಸುತ್ತಿದ್ದ. ಎರಡನೆಯ ವರ್ಷ ಅವನ ನಗು ನಿಂತಿತು. ಒಬ್ಬ ಮುದುಕ ಮೂರು ದಿನ ನಡೆದು ಬಂದು, ಅಂಗಡಿಯ ಮುಂದೆ ಅವನ ಕಾಲಿಗೆ ಬಿದ್ದು ಅತ್ತ. ಹಾಗೆ ಬಿದ್ದವನ ಬೆನ್ನು ನೋಡುತ್ತಾ ನಿಂತು, ಅಪ್ಪಾ ಇದರಲ್ಲಿ ಏನೂ ಇಲ್ಲ ಅನ್ನುವುದಕ್ಕೆ ಬಹಳ ಗಟ್ಟಿ ಎದೆ ಬೇಕು. ಎಂಥ ದಣಿವಿನ ಕೆಲಸ ಅದು ಅಂತ ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ಅವನು ಅನ್ನಲಿಲ್ಲ. ಮುದುಕನನ್ನು ಎಬ್ಬಿಸಿ, ಎಲ್ಲ ದೇವರ ದಯೆ ಅಂದ.

ಮೂರನೆಯ ವರ್ಷ ಅವನು ಹಂಡೆಗೆ ವಿಭೂತಿ ಹಚ್ಚಿ ಕೈಮುಗಿಯತೊಡಗಿದ. ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ದೇವರ ಮಾಡದಲ್ಲಿಟ್ಟ. ತನಗೆ ನೆಗಡಿಯಾದರೆ ತಾನೂ ಅದನ್ನೇ ಕಣ್ಣಿಗೊತ್ತಿಕೊಂಡು ಕುಡಿದ. ನಾಲ್ಕು ದಿನಕ್ಕೆ ನೆಗಡಿ ಹೋಯಿತು. ನೆಗಡಿ ಹೋಗದೆ ಮತ್ತೇನು ಮಾಡುತ್ತೆ!

ನಾಲ್ಕನೆಯ ವರ್ಷ ಹಾಲಮ್ಮ ಮಲಗಿದಳು. ಇಪ್ಪತ್ತೊಂದು ದಿನದ ಜ್ವರ. ಕರುಳನ್ನು ಹಿಡಿಯುವ ಜ್ವರ ಅದು. ಮನೆಯಲ್ಲಿ ಹಿರಿಯ ಹೆಂಗಸರು ಯಾರೂ ಇರಲಿಲ್ಲ, ಗಂಡ ಹೆಂಡತಿ ಇಬ್ಬರೇ. ಕೊಟ್ರಬಸಪ್ಪ ಶೀಶೆ ತಂದು ಅವಳ ತಲೆಯ ಹತ್ತಿರ ಇಟ್ಟ.

ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು. “ನಾನೇ ಕುದಿಸಿದ್ದಲ್ಲೇನ್ರೀ ಇದು? ಇದರಾಗ ಏನೈತಿ ಅಂತ ನನಗೆ ಗೊತ್ತಿಲ್ಲೇನು? ಪಂಡಿತರನ್ನ ಕರೆಸ್ರಿ” ಅಂದಳು.

“ನೀನು ಕುದಿಸಿದ್ದು ಬೆಲ್ಲದ ನೀರು, ಇಲ್ಲ ಅನ್ನೋದಿಲ್ಲ. ಅದನ್ನ ಔಷಧಿ ಮಾಡಿದ್ದು ಆ ದೇವರು. ಇಷ್ಟು ಜನ ಬರೆದಾರಲ್ಲ, ಇವರೆಲ್ಲ ಸುಳ್ಳು ಹೇಳ್ತಾರೇನು?” ಅಂದ ಅವನು. ಕೆಂಪು ಬಟ್ಟೆ ಬಿಚ್ಚಿ, ಅವಳ ಪಕ್ಕದಲ್ಲಿ ಕೂತು ಒಂದೊಂದೇ ಕಾಗದ ಓದಿದ. ಓದುತ್ತಾ ಓದುತ್ತಾ ಅತ್ತ.

ಶೀಶೆ ಮಾರುವಾಗ ಗಂಡನ ಮುಖ ಹೇಗಿರುತ್ತದೆ ಅಂತ ಹಾಲಮ್ಮನಿಗೆ ಗೊತ್ತಿತ್ತು. ಈ ಮುಖ ಅದಲ್ಲ ಅನ್ನುವುದೂ ಗೊತ್ತಾಯಿತು. ಅವನನ್ನು ಬಹಳ ಪ್ರೀತಿಸುತ್ತಿದ್ದಳು. ಬಾಯಿ ತೆರೆದು ಕುಡಿದಳು.

ಪೇಟೆಯ ವೈದ್ಯರಾದ ಪಂಡಿತರು ತಾವಾಗಿಯೇ ಬಂದರು. ಅವನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು ಕಳಿಸಿದ. ಪಕ್ಕದ ಮನೆಯವಳು ಗಂಜಿ ತಂದಳು. ನಮ್ಮ ಔಷಧಿಗೆ ಅದು ಬೇಕಿಲ್ಲ ತಾಯಿ ಅಂತ ತಿರುಗಿಸಿ ಕಳಿಸಿದ. ಸೊಕ್ಕಿನಿಂದ ಅಂದದ್ದಲ್ಲ. ಗಂಜಿ ಕೊಟ್ಟರೆ ದೇವರನ್ನು ಶಂಕಿಸಿದಂತಾಗುತ್ತದೆ ಅಂತ ಹೆದರಿದ್ದ. ಅಷ್ಟು ದಿನವೂ ಹಾಲಮ್ಮ ಬಾಯಿಗೆ ಏನೂ ಸೇರದೆ ಆ ಬೆಲ್ಲದ ನೀರಿನ ಮೇಲೆಯೇ ಇದ್ದಳು. ಆ ಉಪವಾಸವೇ ಅವಳನ್ನು ಕಾಪಾಡಿತ್ತೋ ಏನೋ.

ಇಪ್ಪತ್ತೊಂದನೆಯ ದಿನ ಮೈ ತಣ್ಣಗಾಯಿತು. ಹಾಲಮ್ಮ ಕಣ್ಣು ಬಿಟ್ಟು, ಹಸಿವಾಗುತ್ತದೆ ಅಂದಳು. ಕೊಟ್ರಬಸಪ್ಪ ದೇವರ ಮಾಡದ ಮುಂದೆ ಹೋಗಿ ಉದ್ದಕ್ಕೆ ಅಡ್ಡಬಿದ್ದ. ಆಮೇಲೆ ತಾನೇ ಒಲೆ ಹೊತ್ತಿಸಿದ. ಜನ್ಮದಲ್ಲಿ ರೊಟ್ಟಿ ತಟ್ಟಿದವನಲ್ಲ. ಕೈ ಸುಟ್ಟುಕೊಂಡು ಎರಡು ಜೋಳದ ರೊಟ್ಟಿ ಮಾಡಿದ. ಅವಳಿಗೆ ಇಷ್ಟವೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿದ. ಗೋಡೆಗೆ ಒರಗಿಸಿ ಕೂರಿಸಿ, ತುತ್ತು ಮಾಡಿ ಬಾಯಿಗೆ ಹಿಡಿದ.

“ಇಷ್ಟು ಬೇಗ ಇದನ್ನೆಲ್ಲ ತಿನ್ನಬಹುದೇನ್ರೀ?” ಅಂದಳು.

“ಪಥ್ಯ ಇಲ್ಲ ಅಂತ ನಾವೇ ಅಲ್ಲೇನು ಅಚ್ಚು ಹಾಕಿಸಿದ್ದು?” ಅಂತ ಅವನು ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. ಅವಳೂ ನಕ್ಕಳು. ಒಂದೂವರೆ ರೊಟ್ಟಿ ತಿಂದಳು.

ಆ ಸಂಜೆ ಅವಳಿಗೆ ಹೊಟ್ಟೆ ಹಿಡಿದುಕೊಂಡಿತು. ಎರಡನೆಯ ದಿನ ಹೊಟ್ಟೆ ಕಲ್ಲಾಯಿತು. ಆಗ ಓಡಿಹೋಗಿ ಪಂಡಿತರನ್ನು ಕರೆತಂದ. ಅವರು ನಾಡಿ ನೋಡಿ, ಅವಳ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟರು. ಮೂರನೆಯ ದಿನ ಹಾಲಮ್ಮ ಹೋದಳು.

ಮಾತಾಡಿಸಿ ಹೋಗಲು ದೂರದಿಂದಲೂ ಜನ ಬಂದರು. ಅವರಲ್ಲಿ ಒಬ್ಬ ಮುದುಕಿ ಇದ್ದಳು. ಹಿಂದಿನ ವರ್ಷ ಅವಳ ಮೊಮ್ಮಗನಿಗೂ ಇದೇ ಜ್ವರ. ಅರ್ಕ ಕುಡಿದು ಬದುಕಿದ ಅಂತ ಮಗನ ಕೈಯಿಂದ ಕಾಗದ ಬರೆಸಿದ್ದಳು. ಕೊಟ್ರಬಸಪ್ಪನ ಪಕ್ಕದಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, “ಪಥ್ಯ ಏನು ಮಾಡಿಸಿದ್ದಿ, ನನ್ನಪ್ಪಾ?” ಅಂತ ಕೇಳಿದಳು.

ಅವನು ಅವಳ ಮುಖ ನೋಡಿದ. “ಪಥ್ಯ ಇಲ್ಲ ಅಂತ ಶೀಶೆ ಮ್ಯಾಲೆ ಐತಲ್ಲವ್ವಾ.”

“ಅಯ್ಯೋ ಶಿವನೇ! ಅದನ್ನ ಯಾರು ನಂಬ್ತಾರೋ ತಮ್ಮಾ?” ಅಂದಳು ಮುದುಕಿ. “ನಾನು ನನ್ನ ಮೊಮ್ಮಗನಿಗೆ ಒಂದು ತಿಂಗಳು ಗಂಜಿ ತಿಳಿ ಬಿಟ್ಟು ಬೇರೆ ಮುಟ್ಟಿಸಲಿಲ್ಲ. ಅಳ್ತಿದ್ದ, ಕೊಡಲಿಲ್ಲ. ನಿನಗೆ ಹೇಳೋರು ಯಾರೂ ಇರಲಿಲ್ಲೇನು?”

ಮುದುಕಿ ಹೋದ ಮೇಲೆ ಅವನು ಕೆಂಪು ಬಟ್ಟೆಯ ಗಂಟು ತೆಗೆದುಕೊಂಡು ಒಂದೊಂದೇ ಮನೆಗೆ ಹೋದ. ಹತ್ತಿರದ ಊರುಗಳಲ್ಲಿ ಕಾಗದ ಬರೆದವರ ಮನೆಗಳು. ಹೋದಲ್ಲೆಲ್ಲ ಗಂಡಸರನ್ನು ಬಿಟ್ಟು ಒಳಗಿನ ಹೆಂಗಸರನ್ನು ಕೇಳಿದ. ಎಲ್ಲ ಮನೆಯಲ್ಲೂ ಅದೇ ಉತ್ತರ. ಒಂಬತ್ತು ಮನೆ ಕೇಳಿದ ಮೇಲೆ ಹಿಂತಿರುಗಿದ. ಮನೆಗೆ ಬಂದು ಅಂಗಡಿಯ ಕದ ಹಾಕಿದ. ಅರ್ಕ ಬೇಕು ಅಂತ ಬಂದವರು ಬಹಳ ದಿನ ಆ ಕದ ತಟ್ಟುತ್ತಲೇ ಇದ್ದರಂತೆ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು. ಮಠದ ಹೊರಗೆ ಇನ್ನೂ ಇಬ್ಬರು ಮೂವರು ಕಾಯುತ್ತಿದ್ದರು. ಅವರನ್ನು ನೋಡಿ, ಗೋಡೆ ಹಿಡಿದು ಮೆಲ್ಲಗೆ ಎದ್ದರು.

ಶಿಷ್ಯ, “ಅಷ್ಟು ಜನಕ್ಕೆ ಸುಳ್ಳು ಹೇಳಿದ ಪಾಪ ಕೊನೆಗೆ ಅವನನ್ನೇ ಸುತ್ತಿಕೊಂಡಿತು, ಅಲ್ಲವೆ ಬುದ್ಧಿ?” ಎಂದ.

“ಅಲ್ಲ. ಅವನು ಸುಳ್ಳುಗಾರನಾಗಿಯೇ ಉಳಿದಿದ್ದರೆ ಹಾಲಮ್ಮ ಬದುಕುತ್ತಿದ್ದಳು” ಎಂದರು ಗುರುಗಳು.