ನೂರು ಹೆಜ್ಜೆ ದೂರದ ಹಕ್ಕಿ

ಹೊಳೆದಂಡೆಯ ಆಶ್ರಮದಲ್ಲಿ ಶರಭಯ್ಯ ಗುರುಗಳು ಹಕ್ಕಿಗಳ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಯಾರೇ ಬರಲಿ, ಮೊದಲ ಪಾಠ ಒಂದೇ: ಹತ್ತಿರ ಹೋಗು.

ಅವರ ಗೋಡೆಯ ಮೇಲೆ ಒಂದೇ ಒಂದು ಚಿತ್ರವಿತ್ತು. ಮರಳಿನಲ್ಲಿ ಮೊಟ್ಟೆಗಳ ಪಕ್ಕ ರೆಕ್ಕೆ ಅರೆಬಿಚ್ಚಿ ನಿಂತ ರೀವ ಹಕ್ಕಿ. ಹತ್ತು ಹೆಜ್ಜೆ ದೂರದಿಂದ ತೆಗೆದದ್ದು. ಗರಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಮೂವತ್ತು ವರ್ಷಗಳಿಂದ ಶಿಷ್ಯರು ಅದಕ್ಕೆ ಕೈಮುಗಿದೇ ಕ್ಯಾಮೆರಾ ಎತ್ತುತ್ತಿದ್ದರು.

ಹೊಸದಾಗಿ ಸೇರಿದ ನೀಲಾಂಬಿಕೆ ಕೈಮುಗಿಯಲಿಲ್ಲ. ದಿಟ್ಟಿಸಿ ನೋಡಿದಳು, ಅಷ್ಟೇ.

ಬೇಸಿಗೆ ಬಂತು. ಹೊಳೆ ಇಳಿದು ನಡುವೆ ಮರಳ ದಿಬ್ಬ ಎದ್ದಿತು. ಅಲ್ಲೊಂದು ರೀವ ಮೊಟ್ಟೆಯಿಟ್ಟಿತು.

"ಅದರ ಚಿತ್ರ ತಾ," ಎಂದರು ಗುರುಗಳು. "ಗೋಡೆಗೆ ಹಾಕುವಂತಿದ್ದರೆ ಇಲ್ಲಿ ಉಳಿ. ಇಲ್ಲದಿದ್ದರೆ ಗಂಟುಮೂಟೆ ಕಟ್ಟು."

ನೀಲಾಂಬಿಕೆ ಹೋದಳು. ಹತ್ತು ಹೆಜ್ಜೆ ಉಳಿದಾಗ ಹಕ್ಕಿ ಕಿರುಚುತ್ತಾ ಹಾರಿತು. ಅವಳು ಮರಳ ಮೇಲೆ ಅಂಗೈ ಊರಿದಳು. ಕಾದ ಹೆಂಚು. ಕ್ಯಾಮೆರಾ ಎತ್ತದೆ ಹಿಂದಿರುಗಿದಳು.

ಮರುದಿನ ಅವಳ ಚೀಲದಲ್ಲಿ ಒಂದು ಕನ್ವರ್ಟರ್ ಇತ್ತು. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸುವ ಗಿಡ್ಡ ಕೊಳವೆ. ದೂರದ್ದನ್ನು ಎರಡು ಪಟ್ಟು ದೊಡ್ಡದು ಮಾಡುತ್ತದೆ.

ಗುರುಗಳು ಮುಖ ಸಿಂಡರಿಸಿದರು.

"ಹಕ್ಕಿ ಎರಡು ಪಟ್ಟು ಆಗುತ್ತದೆ. ನಿನ್ನ ಲೆನ್ಸಿನ ದೋಷವೂ ಎರಡು ಪಟ್ಟು ಆಗುತ್ತದೆ. ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಗರಿಗಳೆಲ್ಲ ಕಲಸಿದ ಹಿಟ್ಟಾಗುತ್ತವೆ."

"ಗೊತ್ತು ಗುರುಗಳೇ."

"ಕಾಲಿಲ್ಲವೇ ನಿನಗೆ? ನಡೆದು ಹೋಗು."

"ಕಾಲಿದೆ. ಬಾಣಂತಿ ಕೋಣೆಗೆ ನುಗ್ಗಿ, ಸ್ವಲ್ಪ ಎದ್ದು ಮುಖ ತೋರಿಸಮ್ಮ ಅನ್ನುವಷ್ಟು ದಪ್ಪ ಚರ್ಮ ಇಲ್ಲ."

"ಇಷ್ಟುದ್ದ ನಾಲಿಗೆ ಇರುವವಳಿಗೆ ಗುರು ಯಾಕೆ?"

"ನಾಲಿಗೆ ನನ್ನ ಹತ್ತಿರ ಇತ್ತು. ಕಣ್ಣು ಕೇಳಿಕೊಂಡು ಬಂದೆ."

ನೂರು ಹೆಜ್ಜೆ ದೂರದಲ್ಲಿ ಅವಳು ಬೋರಲು ಮಲಗಿ, ಮರಳ ಚೀಲದ ಮೇಲೆ ಲೆನ್ಸ್ ಊರಿದಳು. ಬೆಳಗಿನ ಎಳೆ ಬಿಸಿಲು ಕನ್ವರ್ಟರ್‌ಗೆ ಸಾಲಲಿಲ್ಲ. ಉಳಿದ ಶಿಷ್ಯರು ನೆರಳಿಗೆ ಓಡುವ ನಡುಮಧ್ಯಾಹ್ನದವರೆಗೆ ಕಾದಳು.

ಆಗ ಹಕ್ಕಿ ತಾನಾಗಿ ಎದ್ದಿತು. ಹೊಳೆಯಲ್ಲಿ ಹೊಟ್ಟೆ ನೆನೆಸಿಕೊಂಡು ಬಂದು, ಒದ್ದೆ ಗರಿಗಳನ್ನು ಮೊಟ್ಟೆಗಳ ಮೇಲೆ ಇಳಿಬಿಟ್ಟಿತು. ಮತ್ತೆ ಹೋಯಿತು. ಮತ್ತೆ ಬಂತು.

ನೀಲಾಂಬಿಕೆ ಉಸಿರು ಹಿಡಿದು ಗುಂಡಿ ಒತ್ತಿದಳು.

ಇಪ್ಪತ್ತು ದಿನ ಹಾಗೇ ಹೋಗಿಬಂದು, ಕೊನೆಗೆ ಒಂದು ಚಿತ್ರವನ್ನು ಗುರುಗಳ ಮುಂದಿಟ್ಟಳು.

ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚೆಲ್ಲ ಮಬ್ಬು. ಬಿಸಿಲ ಝಳಕ್ಕೆ ಒಂದು ಗರಿಯೂ ಬಿಡಿಯಾಗಿ ಕಾಣುತ್ತಿರಲಿಲ್ಲ.

"ನಾನು ಹೇಳಿದಂತೆಯೇ ಆಗಿದೆ."

"ಹೌದು. ಅಷ್ಟೂ ಆಗಿದೆ."

"ಗಂಟುಮೂಟೆ?"

"ಕಟ್ಟಿಯೇ ಬಂದಿದ್ದೇನೆ. ಒಂದು ಮಾತು ಕೇಳಿ ಹೊರಡುತ್ತೇನೆ. ನನ್ನ ಹಕ್ಕಿ ಏನನ್ನು ನೋಡುತ್ತಿದೆ ಗುರುಗಳೇ?"

"ಮೊಟ್ಟೆಗಳನ್ನು."

ಅವಳು ಗೋಡೆಯತ್ತ ಕೈ ತೋರಿಸಿದಳು. "ನಿಮ್ಮದು?"

ಗುರುಗಳು ತಿರುಗಲಿಲ್ಲ. ಮೂವತ್ತು ವರ್ಷಗಳಿಂದ ಆ ಹಕ್ಕಿ ಅವರನ್ನೇ ನೋಡುತ್ತಿತ್ತು.

ಅವರು ಕೇಳಿದರು, "ನಿನ್ನ ಮೊಟ್ಟೆಗಳು ಏನಾದವು?"

"ಮೂರೂ ಮರಿಯಾದವು. ನಿನ್ನೆ ಮರಳ ಮೇಲೆ ಓಡಾಡುತ್ತಿದ್ದವು."

ಗುರುಗಳು ಎದ್ದು ತಮ್ಮ ಚಿತ್ರವನ್ನು ಇಳಿಸಿದರು. ಅದೇ ಮೊಳೆಗೆ ಮಬ್ಬು ಚಿತ್ರವನ್ನು ತೂಗುಹಾಕಿದರು.

"ಆ ಹಕ್ಕಿಯ ಫೋಟೋ ತೆಗೆದ ದಿನ ಮಧ್ಯಾಹ್ನ ಕಳೆಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ," ಎಂದರು. "ಸಂಜೆ ಮೊಟ್ಟೆ ಮುಟ್ಟಿ ನೋಡಿದೆ, ತಾಯಿ. ಮೂರೂ ಬೆಂದಿದ್ದವು."